ನೀಲಿ ಅಂಚಿನ ದೆವ್ವಗಳು

ವಿನಿಪೆಗ್,
ನವೆಂಬರ್ ಒಂದು, ಶನಿವಾರ ಬೆಳಿಗ್ಗೆ

ಸಿಗ್ರಿಡ್,

ನಿನ್ನ ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ, ಮತ್ತೆ ಹೊಡೆದೆ. ಕಾಗದ ತೂತಾಗುವ ಹಾಗಾಯಿತು, ಬೇರೆ ಹಾಳೆ ತೆಗೆದುಕೊಂಡೆ. ಇದರಲ್ಲಿ ಬರೀ ಹೆಸರಿದೆ, ಬೇಕಾದ್ದು ನೀನೇ ಸೇರಿಸಿಕೋ.

ಫೋನು ಮಾಡಿದರೆ ಎತ್ತುವುದಿಲ್ಲ, ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೀಯ, ಅದಕ್ಕೇ ಈ ಕಾಗದ. ಇದು ಜಗಳಕ್ಕೂ ಅಲ್ಲ, ರಾಜಿಗೂ ಅಲ್ಲ. ವಿಷಯ ಇಷ್ಟೇ. ನಿನ್ನೆ ಸಂಜೆ ನಿನ್ನ ಮನೆಯ ಮೆಟ್ಟಿಲ ಮುಂದೆ ನಿನ್ನ ಮಗಳನ್ನು ನಿನಗೆ ಒಪ್ಪಿಸಿ ನನ್ನ ಮಗಳನ್ನು ನಾನು ಕರೆದುಕೊಂಡು ಬಂದೆನಲ್ಲ, ಆ ಗಡಿಬಿಡಿಯಲ್ಲಿ ಮಿಠಾಯಿ ಚೀಲ ಬದಲಾಯಿಸಿಕೊಳ್ಳುವುದು ಇಬ್ಬರಿಗೂ ಮರೆತುಹೋಯಿತು. ನಿನ್ನ ಥೋರಾ ಮಿಠಾಯಿ ತುಂಬಿಸಿಕೊಂಡ ದಿಂಬಿನ ಗವಸು ನಮ್ಮ ಜಾರುಬಂಡಿಯಲ್ಲಿ ಬಂದಿದೆ. ನನ್ನ ಕಲೀನಾಳದ್ದು ನಿನ್ನ ಹೆಗಲ ಮೇಲೆ ಹೋಯಿತು. ನಮ್ಮ ಲೆವ್ಕೊ ಆಗಲೇ ಥೋರಾಳ ಗವಸಿಗೆ ಕೈ ಹಾಕಿ ಚಾಕಲೇಟು ತಿಂದಿದ್ದಾನೆ. ಮೂರು ವರ್ಷದವನಿಗೆ ನಿನ್ನದು ನನ್ನದು ಅಂತ ಎಲ್ಲಿ ಗೊತ್ತಾಗುತ್ತೆ ಹೇಳು. ಚೀಲ ವಾಪಸು ಆಗಬೇಕು, ಅಷ್ಟೇ.

ಅಷ್ಟೇ ಅಲ್ಲ. ನಿನ್ನ ಮಗಳು ನಿನ್ನೆ ನನ್ನ ಬಾಯಿಂದ ನಿನ್ನ ಬಗ್ಗೆ ಕೆಲವು ಮಾತು ಕೇಳಿಸಿಕೊಂಡಿದ್ದಾಳೆ. ಅವಳು ನಿನಗೆ ಹೇಳಿರಬಹುದು, ಹೇಳದೆಯೂ ಇರಬಹುದು. ಏಳು ವರ್ಷದ ಹುಡುಗಿ ಹೇಳುವಾಗ ಒಂದಕ್ಕೆ ಎರಡು ಸೇರಿಸಬಹುದು, ಇಲ್ಲವೇ ಮುಖ್ಯವಾದದ್ದನ್ನೇ ಬಿಡಬಹುದು. ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಆದರೆ ಮೊದಲಿಂದ ಹೇಳದಿದ್ದರೆ ಇದರ ತಲೆ ಬುಡ ನಿನಗೂ ತಿಳಿಯುವುದಿಲ್ಲ. ನನಗೇ ಇನ್ನೂ ಪೂರ್ತಿ ತಿಳಿದಿಲ್ಲ.

ಪ್ರತಿ ವರ್ಷ ಹ್ಯಾಲೊವೀನ್ ಬಂದು ಮಕ್ಕಳು ವೇಷ ಹಾಕಿಕೊಂಡು ಮಿಠಾಯಿಗೆ ಮನೆಮನೆ ಸುತ್ತುವಾಗ ನಮ್ಮಿಬ್ಬರಿಗೆ ವೇಷದ ತಲೆನೋವೇ ಇರಲಿಲ್ಲ, ನೆನಪಿದೆಯಾ? ಥೋರಾ ಹಾಕಿ ಬಿಟ್ಟ ವೇಷ ಕಲೀನಾಳಿಗೆ, ಕಲೀನಾ ಹಾಕಿ ಬಿಟ್ಟದ್ದು ಲೆವ್ಕೊಗೆ. ಹೊಲಿಗೆ ನಿನ್ನದು, ಬಣ್ಣ ನನ್ನದು. ನಿನ್ನ ನೆಲಮಾಳಿಗೆ ತುಂಬ ನಿನ್ನ ಗಂಡ ಬಾಲ್ಡರ್‌ನ ಮೀನಿನ ಬಲೆಗಳು, ಅದಕ್ಕೇ ವೇಷದ ಪೆಟ್ಟಿಗೆ ನಮ್ಮ ನೆಲಮಾಳಿಗೆಯಲ್ಲಿ ಇರುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಆ ಹಾಳು ಮಳೆ ಬಂದು ನಮ್ಮ ನೆಲಮಾಳಿಗೆಗೆ ನೀರು ನುಗ್ಗಿತು. ನನ್ನ ಗಂಡ ಬೊಹ್ದಾನ್ ಟ್ರಕ್ಕು ತೆಗೆದುಕೊಂಡು ಥಂಡರ್ ಬೇ ಕಡೆ ಹೋಗಿದ್ದ. ನಾನೊಬ್ಬಳೇ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತ, ಒದ್ದೆಯಾದ ಸಾಮಾನನ್ನೆಲ್ಲ ಹೊರಗೆ ತಂದೆ. ನಮ್ಮ ಅಂಗಳದಲ್ಲಿ ಎಲ್ಮ್ ಮರದ ನೆರಳು ಬಿಟ್ಟರೆ ಬಿಸಿಲು ಬೀಳುವುದು ರಸ್ತೆಯಂಚಿನ ಹುಲ್ಲಿನ ಮೇಲೆ ಮಾತ್ರ. ಅಲ್ಲಿಯೇ ವೇಷಗಳನ್ನೆಲ್ಲ ಪೆಟ್ಟಿಗೆಯ ಮೇಲೆ ಹರಡಿಟ್ಟು ಮತ್ತೆ ಕೆಳಗಿಳಿದೆ. ಸಂಜೆ ಮೇಲೆ ಬಂದು ನೋಡಿದರೆ ಪೆಟ್ಟಿಗೆಯೂ ಇಲ್ಲ, ಒಂದು ಚಿಂದಿಯೂ ಇಲ್ಲ! ಕ್ಯಾರೆಟ್ ವೇಷ ಹೋಗಿತ್ತು, ಲಾಂದ್ರದ್ದು ಹೋಗಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಹೋದ ವರ್ಷ ನೀನು ಯಾವುದೋ ಹಳೇ ಕೋಟು ಕತ್ತರಿಸಿ ಥೋರಾಳಿಗೆ ಹೊಲಿದ ಕಾಡುಕೋಣ ಹೋಗಿತ್ತು. ಈ ಸಲ ಅದು ಕಲೀನಾಳ ಸರದಿಯಾಗಿತ್ತು. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ನನಗೆ ಬಂದ ಸಿಟ್ಟು ನಿನಗೆ ಗೊತ್ತಲ್ಲ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬೀದಿ ದೀಪದ ಕಂಬಕ್ಕೆ ಕಟ್ಟಿದೆ: ‘ನನ್ನ ಮಕ್ಕಳ ವೇಷ ಎತ್ತಿಕೊಂಡು ಹೋದ ಕಳ್ಳರೇ, ನಾಚಿಕೆಯಾಗಬೇಕು. ಜನವರಿಯಲ್ಲಿ ನಿಮ್ಮ ಮನೆಯ ಹೀಟರು ಕೆಡಲಿ.’ ಹೋಗಿ ಬರುವವರು ಅದನ್ನು ಓದಿ, ನನ್ನ ಮನೆಯ ಕಡೆ ನೋಡಿ, ಏನೋ ಗುಸುಗುಸು ಮಾಡುತ್ತಿದ್ದರು. ಅಯ್ಯೋ ಪಾಪ ಅನ್ನುತ್ತಿದ್ದಾರೆ ಅಂದುಕೊಂಡೆ.

ಅದೇ ವಾರದಿಂದ ನೀನೂ ಮಾತು ಬಿಟ್ಟೆ. ಶಾಲೆಯ ಬಾಗಿಲಲ್ಲಿ ಮಕ್ಕಳನ್ನು ಬಿಡುವಾಗ ಕೈ ಎತ್ತಿದರೆ ಮುಖ ತಿರುಗಿಸಿದೆ. ನಾನೇನು ಮಾಡಿದೆ ಅಂತ ತಲೆ ಕೆರೆದುಕೊಂಡೆ. ನಿನ್ನ ಹುಟ್ಟುಹಬ್ಬ ಮರೆತೆನೆ? ಅದು ಇರುವುದು ಮಾರ್ಚಿನಲ್ಲಿ. ಬಾಲ್ಡರ್‌ನ ಹೊಟ್ಟೆ ಬಗ್ಗೆ ತಮಾಷೆ ಮಾಡಿದ್ದೆ, ಅದಕ್ಕಾ? ಅದನ್ನು ನೀನು ನನಗಿಂತ ಜಾಸ್ತಿ ಮಾಡುತ್ತೀಯ. ಕೊನೆಗೆ ನನಗೂ ಹಟ ಬಂತು. ಅವಳಿಗೆ ಬೇಡವಾದರೆ ನನಗೂ ಬೇಡ ಅಂದುಕೊಂಡೆ.

ಅಂತೂ ಅಕ್ಟೋಬರ್ ಬಂತು. ಮಕ್ಕಳಿಗೆ ವೇಷ ಇಲ್ಲ, ಹೊಲಿದು ಕೊಡುವವಳೂ ಇಲ್ಲ. ದೊಡ್ಡ ಅಂಗಡಿಗೆ ಹೋದೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಬಟ್ಟೆಗಳನ್ನು ಸಾಲಾಗಿ ತೂಗುಹಾಕಿದ್ದರು. ಈ ಚಳಿಯಲ್ಲಿ ವೇಷ ಕೂರಬೇಕಾದದ್ದು ದಪ್ಪ ಸ್ನೋಸೂಟಿನ ಮೇಲೆ, ಅದಕ್ಕೇ ಕಲೀನಾಳದ್ದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ, ಅದರ ಮೇಲೆ ಒಂದೊಂದೇ ಹಾಕಿ ನೋಡಿದೆ. ಒಂದೂ ಭುಜ ದಾಟಿ ಕೆಳಗಿಳಿಯಲಿಲ್ಲ. ದೊಡ್ಡ ಅಳತೆಯದ್ದು ನೋಡಿದರೆ ತೋಳು ನೆಲ ಗುಡಿಸುತ್ತದೆ, ಬೆಲೆಯಲ್ಲಿ ಒಂದು ವಾರದ ದಿನಸಿ ಬರುತ್ತದೆ. ಅಲ್ಲಿದ್ದ ಹುಡುಗಿ ಬಂದು, ‘ಮೇಡಂ, ವೇಷ ಹಾಕ್ಬಿಟ್ಟು ಅದರ ಮೇಲೆ ಕೋಟು ಹಾಕಿ, ಆಗ್ಹೋಯ್ತಲ್ಲ’ ಅಂದಳು. ಮೇಲೆ ಕೋಟು ಹಾಕಿದರೆ ನನ್ನ ಮಗಳು ಯಾವ ವೇಷ ಹಾಕಿದ್ದಾಳೆ ಅಂತ ಜನ ಕೇಳಿದಾಗ ಕೋಟಿನ ವೇಷ ಅನ್ನಬೇಕಾ ಅಂತ ಕೇಳಿದೆ. ವಿಚಾರಿಸಿದರೆ ಇಂಥ ಚಳಿ ಕಾಣದ ವ್ಯಾಂಕೂವರ್‌ನವಳಂತೆ, ಬಂದು ಎರಡು ತಿಂಗಳಾಗಿದೆಯಂತೆ. ಪಾಪ, ಅವಳಿಗೇನು ಗೊತ್ತು ಅಂತ ಬೈಯದೆ ಬಂದೆ.

ಅಂಗಡಿಯ ವೇಷ ನನಗೆ ಹಿಡಿಸಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ನಿನಗೆ ಬೇರೆ ಯಾರಾದರೂ ಹೇಳುವ ಮೊದಲು ನಿಜ ಹೇಳುತ್ತೇನೆ. ಬೊಹ್ದಾನ್‌ಗೆ ಬೇಸಿಗೆಯಿಂದ ಟ್ರಕ್ಕಿನ ಓಡಾಟ ಅರ್ಧಕ್ಕರ್ಧ ಇಳಿದು ಕೈ ಬಿಗಿಯಾಗಿದೆ. ಹಿಡಿಸಿದ್ದರೂ ನಾನು ಕೊಳ್ಳುತ್ತಿರಲಿಲ್ಲ. ಇದನ್ನು ನಿನಗೆ ಆಗಲೇ ಹೇಳಬೇಕೆಂದಿದ್ದೆ, ಹೇಳುವಷ್ಟರಲ್ಲಿ ನೀನೇ ಇರಲಿಲ್ಲ.

ಹಳೇ ಬಟ್ಟೆಯ ಅಂಗಡಿಗಳಿಗೆ ಹೋದರೆ ನನ್ನಂಥವರೆಲ್ಲ ನನಗಿಂತ ಮುಂಚೆ ಬಂದು ಬಾಚಿಕೊಂಡು ಹೋಗಿದ್ದರು. ಉಳಿದದ್ದು ಒಂದೇ ರೆಕ್ಕೆಯ ಜೇನುಹುಳ, ಪ್ಯಾಂಟಿಲ್ಲದ ಪೊಲೀಸಪ್ಪ. ಅಲ್ಲೊಂದು ಸ್ನಾನದ ಮನೆಯ ಹಸಿರು ಪರದೆ ಸಿಕ್ಕಿತು. ಅದನ್ನು ಲೆವ್ಕೊಗೆ ಸುತ್ತಿ, ನಡುವಿಗೆ ದಾರ ಕಟ್ಟಿ, ಎಲೆಕೋಸಿನ ಎಲೆಯಲ್ಲಿ ಹೂರಣ ಸುತ್ತಿ ಬೇಯಿಸುವ ಹೊಲುಬ್ಚಿ ಮಾಡಿದೆ. ಸ್ನೋಸೂಟು ಇದ್ದದ್ದರಿಂದ ಒಳಗಿನ ಹೂರಣಕ್ಕೆ ಏನೂ ಕೊರತೆಯಾಗಲಿಲ್ಲ. ಅವನಿಗಂತೂ ಖುಷಿಯೋ ಖುಷಿ, ನಡೆಯಲು ಬರುವುದಿಲ್ಲ ಅನ್ನುವುದೊಂದು ಬಿಟ್ಟರೆ.

ಕಲೀನಾಳಿಗೆ ಮಾತ್ರ ಏನೂ ಸಿಗಲಿಲ್ಲ. ಆಗಲೇ ಹೆದ್ದಾರಿ ಪಕ್ಕದ ಆ ಮೋಟೆಲು ಮುಚ್ಚಿ ಅದರ ಬೆಡ್‌ಶೀಟುಗಳನ್ನೆಲ್ಲ ಚರ್ಚಿನ ಹಾಲ್‌ನಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆ ಅಂತ ಗೊತ್ತಾಯಿತು. ಓಡಿದೆ. ಬಾಗಿಲಲ್ಲಿ ಕಾಲಿಟ್ಟರೆ ಎದುರಿಗೇ ನಿನ್ನ ಬೆನ್ನು! ನಾನು ಕೋಟುಗಳ ಸಾಲಿನ ಹಿಂದೆ ಅವಿತುಕೊಂಡೆ. ನಗಬೇಡ. ನೀನು ಏನು ಕೊಳ್ಳುತ್ತಿದ್ದೀಯ ಅಂತ ನೋಡಲಿಲ್ಲ, ಯಾಕೆಂದರೆ ನೋಡಬಾರದು ಅಂತ ಹಟ ಹಿಡಿದಿದ್ದೆ. ನೀನು ಹೋದಮೇಲೆ ಹೊರಗೆ ಬಂದು ನೀಲಿ ಅಂಚಿನ ಒಂದು ಬಿಳಿ ಬೆಡ್‌ಶೀಟು ಕೊಂಡೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಾನು ಹಾಸಿಗೆಯ ಬಟ್ಟೆಯನ್ನೇ ಮಗಳಿಗೆ ಹೊದಿಸಿ, ಕಣ್ಣಿಗೆ ಎರಡು ತೂತು ಕೊರೆದೆ. ಅವಳು ಕನ್ನಡಿಯಲ್ಲಿ ನೋಡಿಕೊಂಡು ಅತ್ತಳು. ‘ದೆವ್ವ ಯಾರು ಬೇಕಾದ್ರೂ ಆಗ್ತಾರಮ್ಮ, ಸತ್ರೆ ಸಾಕು. ನಂಗೆ ಕಾಡುಕೋಣ ಆಗ್ಬೇಕಿತ್ತು’ ಅಂದಳು. ನಾನು ಕಳ್ಳರಿಗೆ ಇನ್ನೊಂದು ಸುತ್ತು ಬೈದೆ.

ಇನ್ನು ನಿನ್ನೆ ಸಂಜೆ. ಆ ಹಿಮ, ಆ ಗಾಳಿ ನೀನೂ ಕಂಡಿದ್ದೀಯ. ಮುಖದ ತುಂಬ ಮಫ್ಲರ್ ಸುತ್ತಿಕೊಂಡು, ಹೊಲುಬ್ಚಿಯನ್ನು ಜಾರುಬಂಡಿಯಲ್ಲಿ ಕೂರಿಸಿಕೊಂಡು, ದೆವ್ವದ ಕೈ ಹಿಡಿದುಕೊಂಡು ಹೊರಟೆ. ಕುಜಿಕ್ ಮುದುಕನ ಮನೆ ಮುಂದೆ ಮಕ್ಕಳ ಜಾತ್ರೆ. ಅವನು ಒಬ್ಬೊಬ್ಬರನ್ನೂ ಮಾತಾಡಿಸದೆ ಮಿಠಾಯಿ ಹಾಕುವುದಿಲ್ಲವಲ್ಲ. ಕಲೀನಾ ಗುಂಪಿನೊಳಗೆ ನುಗ್ಗಿ ಮೆಟ್ಟಿಲು ಹತ್ತಿದಳು, ನಾನು ಕೆಳಗೆ ನಿಂತೆ.

ಆಗ ಯಾರೋ ಹೆಂಗಸು ಹುಡುಗನೊಬ್ಬನನ್ನು ನನ್ನ ಮುಂದೆ ತಂದು ನಿಲ್ಲಿಸಿದಳು. ‘ನೀವೇ ಅಲ್ವಾ ಆ ಮೂಲೆ ಮನೆಯವ್ರು? ನೋಡಿ, ನಿಮ್ಮ ಕ್ಯಾರೆಟ್ಟು ನಮ್ಮ ಹುಡುಗಂಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ’ ಅಂದಳು. ನೋಡಿದರೆ ನಮ್ಮದೇ ಕ್ಯಾರೆಟ್! ನಾನು ಬಣ್ಣ ಹಚ್ಚುವಾಗ ಚೆಲ್ಲಿದ ಕಲೆ ಸಮೇತ ನಿಂತಿದೆ! ಕೇಳಿದೆಯಾ ಸಿಗ್ರಿಡ್. ಕದ್ದವಳು ಬಂದು ಕಳಕೊಂಡವಳಿಗೆ ಒಳ್ಳೆಯದಾಗಲಿ ಅಂತ ಹರಸುತ್ತಿದ್ದಾಳೆ. ಇವಳಿಗೆ ನಾಚಿಕೆ ಇಲ್ಲವೋ, ನನಗೆ ಬುದ್ಧಿ ಇಲ್ಲವೋ? ಬಾಯಿ ತೆರೆಯುವಷ್ಟರಲ್ಲಿ ಅವಳು ಕ್ಯಾರೆಟ್ ಎಳೆದುಕೊಂಡು ಮುಂದೆ ಹೋದಳು. ಇತ್ತ ಲೆವ್ಕೊನ ದಾರ ಬಿಚ್ಚಿ ಎಲೆಕೋಸು ಗಾಳಿಗೆ ಹಾರುತ್ತಿತ್ತು. ಬಗ್ಗಿ ಅದನ್ನು ಕಟ್ಟುತ್ತಿರುವಾಗ ನೀಲಿ ಅಂಚಿನ ದೆವ್ವವೊಂದು ಬಂದು ನನ್ನ ಪಕ್ಕ ನಿಂತಿತು. ಅದರ ಚೀಲ ತೆಗೆದು ಬಂಡಿಗೆ ಹಾಕಿದೆ, ಕೈ ಹಿಡಿದೆ, ಹೊರಟೆ. ತಲೆಯಲ್ಲಿ ಕ್ಯಾರೆಟ್ಟೇ ಗಿರಗಿರ ತಿರುಗುತ್ತಿತ್ತು.

ಸ್ವಲ್ಪ ದೂರ ಹೋದಮೇಲೆ ನಿನ್ನ ಮನೆ ಬಂತು. ನಾನು ರಸ್ತೆ ದಾಟಲು ಹೊರಟರೆ ದೆವ್ವ ನಿನ್ನ ಮನೆಯ ಕಡೆಗೇ ಎಳೆಯಿತು. ಆಗ ನಾನು ಅಂದದ್ದು ಇದು, ಅಕ್ಷರಶಃ ಬರೆಯುತ್ತಿದ್ದೇನೆ: ‘ಆ ಮನೆಗೆ ಬೇಡ. ಆಯಮ್ಮಂಗೆ ಮೂಗಿನ ತುದೀಲೇ ಕೋಪ. ಯಾಕೆ ಕೋಪ ಅಂತ ಹೇಳೋಕೂ ಬಾಯಿಲ್ಲ. ಕಲ್ಲಿನಂಥ ಹೆಂಗಸು.’ ಇನ್ನೂ ಏನೇನೋ ಅಂದೆ. ನಿನ್ನ ಒಣಗಿದ ಕೇಕಿನ ಬಗ್ಗೆಯೂ ಅಂದೆ. ಕೋಪದಲ್ಲಿ ಅಂದದ್ದು, ಕೇಕು ಅಷ್ಟೇನೂ ಒಣಗಿರುವುದಿಲ್ಲ. ಆಮೇಲೆ ಇನ್ನೂ ಒಂದು ಮಾತು ಅಂದೆ, ಅದು ಗಾಳಿಯಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ, ಬಿಡು.

ದೆವ್ವ ತುಟಿ ಪಿಟಕ್ಕೆನ್ನಲಿಲ್ಲ. ನಮ್ಮ ಕಲೀನಾ ಇಷ್ಟು ಹೊತ್ತು ಸುಮ್ಮನಿದ್ದದ್ದು ಹುಟ್ಟಿದ ಮೇಲೆ ಇದೇ ಮೊದಲು, ಆದರೂ ನನಗೆ ಅನುಮಾನ ಬರಲಿಲ್ಲ. ಕಾಡುಕೋಣಕ್ಕಾಗಿ ಇನ್ನೂ ಮುನಿಸಿಕೊಂಡಿದ್ದಾಳೆ ಅಂದುಕೊಂಡು, ‘ಅಳಬೇಡ ಪುಟ್ಟಿ, ಕಳ್ಳರು ಕದ್ಕೊಂಡು ಹೋದ್ರೆ ನಾನೇನು ಮಾಡ್ಲಿ?’ ಅಂದೆ.

ಆಗ ಬೆಡ್‌ಶೀಟಿನೊಳಗಿಂದ ದನಿ ಬಂತು. ‘ಕದ್ದಿಲ್ಲ! ನೀವೇ ಬೀದೀಲಿ ಇಟ್ರಿ. ಬಿಟ್ಟಿ ಕೊಡೋ ಭಾನುವಾರ ಇಟ್ರಿ. ಆ ಕಾಡುಕೋಣ ನಮ್ಮಜ್ಜಿ ಕೋಟು. ಯಾರಾದ್ರೂ ತಗೊಂಡ್ಹೋಗ್ತಾರೆ ಅಂತ ಅಮ್ಮ ಓಡಿಬಂದು ಎತ್ಕೊಂಡ್ರು. ಆಮೇಲೆ ನೀವು ಕಂಬದ ಮೇಲೆ ಅಮ್ಮನ್ನ ಕಳ್ಳಿ ಅಂತ ಬರೆದ್ರಿ. ನಮ್ಮನೆ ಹೀಟರ್ ಕೆಡ್ಲಿ ಅಂತ ಬರೆದ್ರಿ.’

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಮಗಳು ನನ್ನನ್ನು ‘ನೀವು’ ಅಂತ ಯಾಕೆ ಅನ್ನುತ್ತಿದ್ದಾಳೆ? ಇವಳ ಅಜ್ಜಿ ಅಂದರೆ ನನ್ನಮ್ಮ, ನನ್ನಮ್ಮನ ಕೋಟು ಕಾಡುಕೋಣ ಆದದ್ದು ಯಾವಾಗ? ಅಮ್ಮ ಅಂದರೆ ನಾನೇ ಅಲ್ಲವಾ, ನಾನೇ ಓಡಿಬಂದು ಎತ್ತಿಕೊಂಡು ನನ್ನನ್ನೇ ಕಳ್ಳಿ ಅಂತ ಬರೆದೆನಾ? ದೇವರಾಣೆಗೂ ಒಂದು ಗಳಿಗೆ ನನಗೆ ತಲೆ ಕೆಟ್ಟಿತು ಅಂತಲೇ ಅಂದುಕೊಂಡೆ. ಬೆಡ್‌ಶೀಟು ಎತ್ತಿ ನೋಡಿದರೆ ನಿನ್ನ ಥೋರಾ! ಮೂಗು ಕೆಂಪಗೆ, ಕಣ್ಣಲ್ಲಿ ನೀರು. ‘ಅಯ್ಯೋ, ನೀನ್ಯಾಕೆ ಇಷ್ಟ್ಹೊತ್ತು ಬಾಯ್ಬಿಡ್ಲಿಲ್ಲ?’ ಅಂತ ಕೇಳಿದೆ. ‘ಮೊದ್ಲು ಅಮ್ಮ ಅಂದ್ಕೊಂಡು ಬಂದೆ. ಆ ವಿಷ್ಯ ಓರಿಸ್ಯಾ ಆಂಟಿ ಹತ್ರ ಎತ್ಲೇಬೇಡ ಅಂತ ಅಮ್ಮ ಹೇಳಿದ್ರು. ಯಾವ ವಿಷ್ಯ ಎತ್ಬಹುದು ಅಂತ ಹೇಳ್ಲಿಲ್ಲ. ಅದಕ್ಕೇ ಏನೂ ಮಾತಾಡ್ಲಿಲ್ಲ’ ಅಂದಳು. ಇಂಥ ಮಾತು ಕೇಳುವ ಮಗಳನ್ನು ನನಗೂ ಕೊಟ್ಟಿದ್ದರೆ ಅಂತ ಆ ಗಾಬರಿಯಲ್ಲೂ ಅನ್ನಿಸಿತು.

ಮರುಕ್ಷಣ ಹೊಳೆಯಿತು. ಇವಳು ಇಲ್ಲಿದ್ದರೆ ನನ್ನದು ಎಲ್ಲಿ? ಸುತ್ತ ನೋಡಿದರೆ ಬೀದಿ ತುಂಬ ಉಬ್ಬಿದ ಸ್ನೋಸೂಟಿನ ಮಕ್ಕಳು, ಎಲ್ಲರೂ ಒಂದೇ ಎತ್ತರ, ಒಂದೇ ನಡಿಗೆ. ಕಲೀನಾ ಅಂತ ಕೂಗಿದರೆ ಗಾಳಿ ನನ್ನ ದನಿಯನ್ನೇ ನುಂಗಿತು. ಒಂದು ಕೈಯಲ್ಲಿ ಬಂಡಿಯ ಹಗ್ಗ, ಒಂದು ಕೈಯಲ್ಲಿ ಥೋರಾ, ಆರೇಳು ವಾರದಿಂದ ತುಳಿಯದ ನಿನ್ನ ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಬಾಲ್ಡರ್ ಮಿಠಾಯಿ ಬೋಗುಣಿ ಹಿಡಿದುಕೊಂಡು ಬಂದ. ‘ಓಹೋ ಓರಿಸ್ಯಾ! ಎಷ್ಟು ದಿನ ಆಯ್ತಮ್ಮ! ಇದೇನು, ಬಂಡೀಲಿ ಸೊಪ್ಪಿನ ಕಟ್ಟು? ಅರೆ, ಥೋರಾ ನಿನ್ನ ಜೊತೆ ಯಾಕಿದ್ದಾಳೆ?’ ಅಂದ. ನನ್ನ ಮಗಳು ಕಳೆದುಹೋಗಿದ್ದಾಳೆ ಅಂತ ನಾನು ಕೂಗಿದ್ದು ಇಡೀ ಬೀದಿಗೆ ಕೇಳಿಸಿರಬೇಕು. ಅವನು ಬೋಗುಣಿ ಅಲ್ಲೇ ಇಟ್ಟು ಚಪ್ಪಲಿಯಲ್ಲೇ ಹಿಮಕ್ಕಿಳಿದ. ಅಷ್ಟರಲ್ಲಿ ನೀನು ಬಂದೆ.

ಕಲೀನಾಳ ಚೀಲ ನಿನ್ನ ಹೆಗಲ ಮೇಲಿತ್ತು, ಅವಳ ಕೈ ನಿನ್ನ ಕೈಯಲ್ಲಿತ್ತು. ನಿಧಾನವಾಗಿ ನಡೆದು ಬರುತ್ತಿದ್ದೆ. ಒಂದು ಚೂರೂ ಗಾಬರಿ ಇರಲಿಲ್ಲ ನಿನ್ನ ಮುಖದಲ್ಲಿ, ಅದು ನನಗೆ ಈ ಬೆಳಿಗ್ಗೆಯವರೆಗೂ ಅರ್ಥವಾಗಿಲ್ಲ. ನಾನು ಥೋರಾಳನ್ನು ಮುಂದೆ ತಳ್ಳಿ ‘ನಿಂದು’ ಅಂದೆ. ನೀನು ಕಲೀನಾಳನ್ನು ಬಿಟ್ಟು ‘ನಿಂದು’ ಅಂದೆ. ಅಷ್ಟೇ ಮಾತು. ಮಗಳನ್ನು ತಬ್ಬಿಕೊಂಡು ಅಳುತ್ತ ಮನೆಗೆ ಬಂದೆ.

ಈಗ ಕೂತು ಎಳೆ ಎಳೆಯಾಗಿ ಬಿಡಿಸಿ ನೋಡುತ್ತಿದ್ದೇನೆ. ನಮ್ಮೂರಲ್ಲಿ ಆ ಬಿಟ್ಟಿ ಕೊಡುವ ಶನಿವಾರ ಭಾನುವಾರ ರಸ್ತೆಯಂಚಿಗೆ ಇಟ್ಟದ್ದೆಲ್ಲ ಕಂಡವರ ಪಾಲು. ಪುರಸಭೆಯವರೇ ದಿನ ಗೊತ್ತುಮಾಡಿ ಬೇಡದ್ದನ್ನು ಹೊರಗಿಡಿ ಅನ್ನುತ್ತಾರೆ, ಹುಟ್ಟಿದ ಮಗುವಿಗೂ ಇದು ಗೊತ್ತು. ಮೊಣಕಾಲುದ್ದ ನೀರಲ್ಲಿ ನಿಂತಿದ್ದ ನನಗೆ ಅದು ಯಾವ ಭಾನುವಾರ ಅನ್ನುವುದೇ ಮರೆತುಹೋಗಿತ್ತು. ಒಣಗಲು ಹಾಕಿದೆ ಸಿಗ್ರಿಡ್. ಬಿಸಾಡಿದ್ದಲ್ಲ, ಒಣಗಲು ಹಾಕಿದ್ದು. ಕ್ಯಾರೆಟ್ ಒಯ್ದವಳು ಕಳ್ಳಿಯಲ್ಲ, ನನ್ನನ್ನು ಧಾರಾಳಿ ಅಂದುಕೊಂಡ ಒಳ್ಳೆಯ ಹೆಂಗಸು. ಅಂಥವಳ ಮನೆಯ ಹೀಟರು ಕೆಡಲಿ ಅಂತ ಶಾಪ ಹಾಕಿದ್ದೇನಲ್ಲ! ಬೀದಿಯವರು ಗುಸುಗುಸು ಅನ್ನುತ್ತಿದ್ದದ್ದು ಅಯ್ಯೋ ಪಾಪ ಅಂತಲ್ಲ, ಇವಳಿಗೆ ತಲೆ ಸರಿಯಿಲ್ಲ ಅಂತ.

ನಿನ್ನನ್ನು ಕಳ್ಳಿ ಅಂತ ನಾನು ಬರೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ನೀನ್ಯಾಕೆ ಹೆಗಲು ಮುಟ್ಟಿ ನೋಡಿಕೊಂಡೆ? ಬಂದು ಬಾಗಿಲು ಬಡಿದು, ಏನೇ ಮಾರಾಯ್ತಿ, ನನ್ನಮ್ಮನ ಕೋಟನ್ನು ಬೀದಿಗೆ ಹಾಕಿದ್ದೂ ಅಲ್ಲದೆ ನನ್ನನ್ನೇ ಬೈಯ್ತೀಯಾ ಅಂತ ನಾಲ್ಕು ಬಾರಿಸಿದ್ದರೆ ಅವತ್ತೇ ಮುಗಿಯುತ್ತಿತ್ತು. ನೀನು ಬಾರಿಸಲಿಲ್ಲ, ಬಾಯಿ ಮುಚ್ಚಿಕೊಂಡೆ.

ಅದು ನಿನ್ನಮ್ಮನ ಕೋಟು ಅಂತ ನನಗೆ ಯಾಕೆ ಹೇಳಲಿಲ್ಲ? ‘ಹಳೇದೊಂದು ಕೋಟು ಬಿದ್ದಿತ್ತು, ಕತ್ತರಿಸಿದೆ’ ಅಂದೆ. ನಾನು ಅದರ ಕೊಂಬಿಗೆ ಬಣ್ಣ ಬಳಿಯುತ್ತ ನಗುತ್ತಿದ್ದೆ, ನೀನೂ ನಗುತ್ತಿದ್ದೆ. ನಿನ್ನಮ್ಮ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಅವಳು ಹಾಕಿಕೊಂಡು ತಿರುಗಿದ ಕೋಟಿಗೆ ಕತ್ತರಿ ಹಾಕುವಾಗ ನಿನಗೆ ಹೇಗಾಗಿರಬೇಡ. ಅದನ್ನು ನಿನ್ನ ಮಗಳಿಗೆ ಹಾಕಿ, ಆಮೇಲೆ ನನ್ನ ಮಗಳಿಗೂ ಅಂತ ನಮ್ಮ ಮನೆಗೆ ಕೊಟ್ಟು ಕಳಿಸಿದೆ. ಅದೇ ಕೋಟು ಹುಲ್ಲಿನ ಮೇಲೆ ಬಿದ್ದಿದ್ದನ್ನು ನೋಡಿದ ನಿನ್ನ ಹೊಟ್ಟೆ ಎಷ್ಟು ಉರಿದಿರಬೇಕು ಅಂತ ನೆನೆದರೆ ನನಗೆ ಅನ್ನ ಸೇರುತ್ತಿಲ್ಲ. ಆದರೆ ನನ್ನ ಮೇಲೆಯೇ ಪೂರ್ತಿ ತಪ್ಪು ಹೊರಿಸಿಕೊಳ್ಳುವವಳು ನಾನಲ್ಲ. ಗೊತ್ತಿದ್ದರೆ ಅದನ್ನು ನೆಲಮಾಳಿಗೆಯಲ್ಲಿ ಇಡುತ್ತಿರಲೇ ಇಲ್ಲ, ನನ್ನ ಬೀರುವಿನಲ್ಲಿ ಇಡುತ್ತಿದ್ದೆ. ಸಿಟ್ಟು ಇನ್ನೂ ಇದ್ದರೆ ಬಂದು ಬೈ.

ಆ ಗಾಳಿಯಲ್ಲಿ ಅಂದ ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಥೋರಾ ಹೇಗೂ ಕೇಳಿಸಿಕೊಂಡಿರುತ್ತಾಳೆ. ಕಲ್ಲಿನಂಥ ಹೆಂಗಸು ಅಂದಮೇಲೆ, ‘ಆದ್ರೂ ನಂಗೆ ಅವಳು ಬೇಕು ಪುಟ್ಟಿ. ಅವಳಿಲ್ದೆ ಒಂದು ಕೆಲ್ಸಾನೂ ನೆಟ್ಟಗೆ ಆಗ್ತಿಲ್ಲ, ಯಾರ ಹತ್ರ ಹೇಳ್ಕೊಳ್ಲಿ’ ಅಂದೆ. ದೆವ್ವದ ವೇಷದ ಮುಂದೆ ಮನುಷ್ಯರಿಗೆ ಬಾಯಿ ಸಡಿಲ ಆಗುತ್ತದೆ ಅಂತ ಕಾಣುತ್ತೆ. ಇಷ್ಟು ಬರೆಯುವುದರಲ್ಲಿ ಮಿಠಾಯಿ ಚೀಲದ ವಿಷಯ ಎಲ್ಲಿಗೋ ಹೋಯಿತು. ಚೀಲವನ್ನು ಬಾಲ್ಡರ್‌ನ ಕೈಯಲ್ಲಿ ಕಳಿಸಿದರೂ ಸಾಕು, ನೀನೇ ಬಂದರೆ ಇನ್ನೂ ಒಳ್ಳೆಯದು.

ನಿನ್ನ ಮೇಲೆ ಇನ್ನೂ ಅರ್ಧ ಸಿಟ್ಟಿರುವ,
ಓರಿಸ್ಯಾ

ಮರೆತಿದ್ದು: ಕಾಗದ ಮಡಚುತ್ತಿದ್ದೆ, ಕಲೀನಾ ಎದ್ದು ಬಂದಳು. ಯಾರಿಗೆ ಬರೀತಿದ್ದೀಯ ಅಂತ ಕೇಳಿದಳು, ಹೇಳಿದೆ. ಕಾಲು ನೆಲಕ್ಕೆ ಒರೆಸುತ್ತ, ‘ಒಂದು ಗುಟ್ಟಿದೆ, ಸಿಗ್ರಿಡ್ ಆಂಟಿ ಹೇಳ್ಬೇಡ ಅಂದಿದ್ರು’ ಅಂದಳು. ಕುಜಿಕ್ ಮನೆಯಿಂದ ನಿನ್ನ ಜೊತೆ ಹೋದ ಮೊದಲನೇ ಬಾಗಿಲಲ್ಲೇ ಮಿಠಾಯಿ ಕೇಳಲು ಎಲ್ಲ ಮಕ್ಕಳ ಹಾಗೆ ‘ಹ್ಯಾಲೊವೀನ್ ಸೇಬು’ ಅಂತ ಕೂಗಿದಳಂತೆ. ಮುಂದಿನ ಹಲ್ಲು ಬಿದ್ದದ್ದರಿಂದ ಸೇಬು ಹೋಗಿ ‘ಶೇಬು’ ಆಯಿತಂತೆ. ನೀನು ಬಗ್ಗಿ ಕಣ್ಣಿನ ತೂತಲ್ಲಿ ಇಣುಕಿ ನೋಡಿದೆಯಂತೆ. ಹಿಂತಿರುಗಿ ನೋಡಿ, ಥೋರಾ ನನ್ನ ಕೈ ಹಿಡಿದು ಹೋಗುತ್ತಿದ್ದದ್ದನ್ನೂ ಕಂಡೆಯಂತೆ. ನೀನು ಕೂಗಿ ಕರೆಯಲಿಲ್ಲ. ಮಂಡಿಯೂರಿ ಕೂತು ಇವಳನ್ನು, ‘ಬೀದಿ ಮುಗಿಯೋವರೆಗೂ ನನ್ನ ಜೊತೆ ಇರ್ತೀಯಾ?’ ಅಂತ ಕೇಳಿದೆಯಂತೆ. ದಾರಿಯುದ್ದಕ್ಕೂ ನಿನ್ನ ಕೈಗವಸು ತೆಗೆದು ಇವಳ ಕೈಗೆ ಹಾಕಿದ್ದೆಯಂತೆ. ನಾನು ನಿನ್ನ ಮೆಟ್ಟಿಲ ಮೇಲೆ ಅರ್ಧ ಜೀವ ಆಗಿ ನಿಂತಿದ್ದಾಗ ನಿನಗೆ ಎಲ್ಲ ಗೊತ್ತಿತ್ತು, ಕಳ್ಳಿ!

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮಕ್ಕಳಿಗೆ ಬೂಟು ಹಾಕುತ್ತಿದ್ದೇನೆ. ಇದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೊರಗೇ ನಿಂತಿರುತ್ತೇವೆ. ನೀನು ಇದನ್ನು ಓದಿ ಮುಗಿಸುವಷ್ಟರಲ್ಲಿ ನಮಗೆ ಚೆನ್ನಾಗಿ ಚಳಿ ಹತ್ತಿರುತ್ತದೆ. ಬಾಗಿಲು ತೆಗಿ.